ಫ್ಲೋರೆಸ್‌ನ ಗುಡ್ಡದ ಹಳ್ಳಿಯಲ್ಲಿ ಕೆಲವು ತಿಂಗಳು: ದಾರಿ, ಮನೆ, ಜಮೀನು – ಸಮಗ್ರ ಮಾರ್ಗದರ್ಶಿ

ಬಾಲಿಗೆ ಹೋಗಿ ಬಂದ ಕೆಲವರಿಗೆ ಒಂದು ಆಸೆ ಅಂಟಿಕೊಳ್ಳುತ್ತದೆ. ಅಲ್ಲೇ ಆಚೆ ಯಾವುದೋ ದ್ವೀಪದಲ್ಲಿ ಒಂದು ತುಂಡು ಜಾಗ ತಗೊಂಡು, ಸಣ್ಣದೊಂದು ಮನೆ ಕಟ್ಟಿ ಇದ್ದುಬಿಡೋಣ ಅಂತ. ನಾನು ಮೂಡಿಗೆರೆ ಕಡೆಯವಳು. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ, ಪೂರ್ವ ಮಂಗರಾಯ್ ಜಿಲ್ಲೆಯ ಒಂದು ಕಾಫಿ ಹಳ್ಳಿಯಲ್ಲಿ ಎರಡು ಸಲ ಇದ್ದು ಬಂದಿದ್ದೇನೆ. ಹಾಗಾಗಿ ನನ್ನನ್ನು ಈ ಬಗ್ಗೆ ತುಂಬಾ ಜನ ಕೇಳುತ್ತಾರೆ. ಎಲ್ಲರಿಗೂ ಮೊದಲು ಹೇಳುವುದು ಒಂದೇ ಮಾತು: ಅಲ್ಲಿ ಜಮೀನು ಕೊಳ್ಳುವ ಯೋಚನೆ ಬಿಡಿ, ಇರುವ ಯೋಚನೆ ಮಾಡಿ. ಕೊಳ್ಳುವುದಕ್ಕೆ ಕಾನೂನು ಬಿಡುವುದಿಲ್ಲ. ಇರುವುದಕ್ಕೆ ಊರಿನವರು ಮನಸ್ಸು ತುಂಬಿ ಜಾಗ ಕೊಡುತ್ತಾರೆ, ಆದರೆ ಅವರ ಕ್ರಮದಲ್ಲಿ ಕೇಳಬೇಕು.

ಆ ಕ್ರಮ ಏನು ಅನ್ನುವುದನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಜಮೀನಿನ ವಿಷಯ ಬೇಕಾದವರು ನೇರವಾಗಿ ಐದನೇ ಹಂತಕ್ಕೆ ಹೋಗಬಹುದು. ಆದರೂ ಮೂರನೆಯದನ್ನು ಬಿಡಬೇಡಿ.

ಹಂತ 1: ಯಾವಾಗ ಹೋಗಬೇಕು, ಯಾವ ವೀಸಾ

ಫ್ಲೋರೆಸ್‌ನಲ್ಲಿ ಮಳೆಗಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ನಮ್ಮ ಮಲೆನಾಡಿನ ಲೆಕ್ಕಕ್ಕೆ ಪೂರ್ತಿ ಉಲ್ಟಾ. ಆ ತಿಂಗಳುಗಳಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದು ಮಾಮೂಲಿ. ಮೊದಲ ಸಲ ಹೋಗುವವರಿಗೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯದು. ಕಾಫಿ ಕೊಯ್ಲೂ ಆಗಲೇ ಇರುತ್ತದೆ, ಅಂಗಳದ ತುಂಬಾ ಹಣ್ಣು ಒಣಗುತ್ತಿರುತ್ತದೆ.

ಭಾರತೀಯರಿಗೆ ವೀಸಾ ಆನ್ ಅರೈವಲ್ ಸಿಗುತ್ತದೆ. 30 ದಿನ, ಶುಲ್ಕ 5 ಲಕ್ಷ ಇಂಡೋನೇಷ್ಯಾ ರುಪಿಯಾ. ನಮ್ಮ ಹಣದಲ್ಲಿ ಮೂರು ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಮನೆಯಲ್ಲೇ ಕೂತು ಅಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲಿ ಇ-ವೀಸಾ ಮಾಡಿಸಿಕೊಂಡರೆ ವಿಮಾನ ನಿಲ್ದಾಣದ ಸಾಲು ತಪ್ಪುತ್ತದೆ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಈ ವೀಸಾವನ್ನು ಒಂದೇ ಒಂದು ಸಲ, ಇನ್ನೂ 30 ದಿನಕ್ಕೆ ವಿಸ್ತರಿಸಬಹುದು. ಫ್ಲೋರೆಸ್‌ನಲ್ಲಿ ಅದಕ್ಕೆ ಲಾಬುವಾನ್ ಬಾಜೊದಲ್ಲಿ ಕಚೇರಿ ಇದೆ. ಹಳ್ಳಿಯಿಂದ ಅಲ್ಲಿಗೆ ಹೋಗಿ ಬರಲು ಎರಡು ಮೂರು ದಿನ ಬೇಕು ಅಂತ ಇಟ್ಟುಕೊಳ್ಳಿ. ಕೊನೆ ವಾರದವರೆಗೆ ಕಾಯಬೇಡಿ. ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ.

ಎರಡು ತಿಂಗಳಿಗಿಂತ ಹೆಚ್ಚು ಇರಬೇಕು ಅಂದರೆ ಹೊರಡುವ ಮೊದಲೇ ಬೇರೆ ವೀಸಾ ಮಾಡಿಸಿಕೊಳ್ಳಿ. ಇನ್ನೊಂದು ಮಾತು. ಈ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಊರಿನ ಶಾಲೆಯಲ್ಲಿ ಪುಕ್ಕಟೆ ಇಂಗ್ಲಿಷ್ ಹೇಳಿಕೊಡುತ್ತೇನೆ ಅನ್ನುವುದೂ ಕೆಲಸವೇ ಆಗಬಹುದು. ಮನಸ್ಸು ಒಳ್ಳೆಯದಿದ್ದರೂ ತೊಂದರೆ ಆಗುವುದು ನಿಮಗೆ ಮಾತ್ರ ಅಲ್ಲ, ನಿಮ್ಮನ್ನು ಇಟ್ಟುಕೊಂಡ ಮನೆಯವರಿಗೂ.

ಹಂತ 2: ಬೆಂಗಳೂರಿನಿಂದ ಹಳ್ಳಿಯ ಅಂಗಳದವರೆಗೆ

ಬೆಂಗಳೂರಿನಿಂದ ಬಾಲಿಯ ಡೆನ್ಪಸಾರ್‌ಗೆ 2024ರಿಂದ ನೇರ ವಿಮಾನ ಇದೆ. ಅಲ್ಲಿಂದ ಲಾಬುವಾನ್ ಬಾಜೊಗೆ ಒಂದು ಗಂಟೆಗೆ ಸ್ವಲ್ಪ ಮೇಲೆ. ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಲಾಬುವಾನ್ ಬಾಜೊ ಅಂದರೆ ಕೊಮೊಡೊ ಡ್ರ್ಯಾಗನ್ ನೋಡಲು ಜನ ಬಂದಿಳಿಯುವ ಊರು. ಬೇಕಾದ್ದೆಲ್ಲ ಸಿಗುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಒಂದು ರಾತ್ರಿ ಮಲಗಿ, ಸಿಮ್ ಕಾರ್ಡ್ ತಗೊಂಡು, ಹಣ ತೆಗೆದುಕೊಂಡು ಹೊರಡಿ. ಒಳನಾಡಿನಲ್ಲಿ ಟೆಲ್ಕೊಮ್‌ಸೆಲ್ ಸಿಮ್ ಬಿಟ್ಟರೆ ಬೇರೆಯದಕ್ಕೆ ಸಿಗ್ನಲ್ ಸಿಗುವುದು ಕಷ್ಟ. 90 ದಿನಕ್ಕಿಂತ ಹೆಚ್ಚು ಇರುವವರು ವಿಮಾನ ನಿಲ್ದಾಣದಲ್ಲೇ ಕಸ್ಟಮ್ಸ್‌ನವರ ಹತ್ತಿರ ಫೋನಿನ ಐಎಂಇಐ ನೋಂದಾಯಿಸಿ. ಇಲ್ಲದಿದ್ದರೆ ಅಲ್ಲಿನ ಸಿಮ್ ಆ ಫೋನಿನಲ್ಲಿ ಕೆಲಸ ಮಾಡುವುದು ನಿಂತುಹೋಗುತ್ತದೆ.

ಮುಂದಿನ ದಾರಿ ಟ್ರಾನ್ಸ್ ಫ್ಲೋರೆಸ್ ಹೆದ್ದಾರಿ. ದ್ವೀಪದ ಪಶ್ಚಿಮ ತುದಿಯಿಂದ ಪೂರ್ವದ ಲಾರಾಂತುಕಾವರೆಗೆ ಸುಮಾರು 700 ಕಿಲೋಮೀಟರ್. ನಕ್ಷೆಯಲ್ಲಿ ನೋಡಿ ಮೋಸ ಹೋಗಬೇಡಿ. ಚಾರ್ಮಾಡಿ ಘಾಟಿಯನ್ನು ಇಡೀ ದ್ವೀಪದ ಉದ್ದಕ್ಕೆ ಎಳೆದ ಹಾಗಿದೆ ಆ ರಸ್ತೆ. ಲಾಬುವಾನ್ ಬಾಜೊದಿಂದ ರುತೆಂಗ್ ಪಟ್ಟಣಕ್ಕೆ ಸುಮಾರು 130 ಕಿಲೋಮೀಟರ್, ನಾಲ್ಕು ಗಂಟೆ ಆಗೇ ಆಗುತ್ತದೆ. ರುತೆಂಗ್ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಸಂಜೆ ಸ್ವೆಟರ್ ಬೇಕು.

ಅಲ್ಲಿ 'ಟ್ರಾವೆಲ್' ಅಂದರೆ ಪ್ರವಾಸ ಅಂತಲ್ಲ, ಸೀಟು ಲೆಕ್ಕದಲ್ಲಿ ಓಡುವ ಕಾರು. ಮನೆ ಬಾಗಿಲಿಗೆ ಬಂದು ಹತ್ತಿಸಿಕೊಂಡು, ಇಳಿಯುವ ಬಾಗಿಲಿಗೇ ಬಿಡುತ್ತದೆ. ರುತೆಂಗ್‌ನಿಂದ ಒಳಗಿನ ಹಳ್ಳಿಗಳಿಗೆ 'ಓತೊ ಕೋಲ್'. ಲಾರಿಯ ಹಿಂಭಾಗಕ್ಕೆ ಮರದ ಬೆಂಚು ಹಾಕಿ, ಮೇಲೆ ಮಾಡು ಹೊದಿಸಿದ ಗಾಡಿ. ಜನ, ಅಕ್ಕಿ ಮೂಟೆ, ಸಿಮೆಂಟು, ಹಂದಿಮರಿ ಎಲ್ಲ ಒಟ್ಟಿಗೆ. ಸಾಮಾನ್ಯವಾಗಿ ಬೆಳಗ್ಗೆ ಹಳ್ಳಿಯಿಂದ ಪೇಟೆಗೆ ಬಂದು ಮಧ್ಯಾಹ್ನ ವಾಪಸ್ ಹೊರಡುತ್ತದೆ. ತಪ್ಪಿಸಿಕೊಂಡರೆ ಮರುದಿನವೇ. ಅದೂ ಹೋಗದ ಕಡೆಗೆ 'ಓಜೆಕ್', ಅಂದರೆ ಬಾಡಿಗೆ ಬೈಕು. ಗಾಡಿಗಳು ನಮ್ಮ ಹಾಗೆ ಎಡಬದಿಯಲ್ಲೇ ಹೋಗುತ್ತವೆ ಅಂತ ನೀವೇ ಬೈಕ್ ಬಾಡಿಗೆಗೆ ತಗೋಬೇಡಿ. ಕೊನೆಯ ಹತ್ತು ಕಿಲೋಮೀಟರ್ ಕಲ್ಲು, ಜಾರು, ತಿರುವು. ಸರಿಯಾದ ಲೈಸೆನ್ಸ್ ಇಲ್ಲದೆ ಬಿದ್ದರೆ ವಿಮೆಯವರು ಒಂದು ಪೈಸೆ ಕೊಡುವುದಿಲ್ಲ.

ಎಟಿಎಂ ರುತೆಂಗ್ ಮತ್ತು ಬೊರೊಂಗ್‌ನಂಥ ಜಿಲ್ಲಾ ಕೇಂದ್ರದಲ್ಲಿ ಇರುತ್ತದೆ ಅಂತ ನಂಬಬಹುದು. ಅದರಾಚೆ ನಗದೇ ಗತಿ. ಸಣ್ಣ ನೋಟು ಜಾಸ್ತಿ ಇಟ್ಟುಕೊಳ್ಳಿ. ಹಳ್ಳಿಯ ಅಂಗಡಿಯಲ್ಲಿ 1 ಲಕ್ಷದ ನೋಟಿಗೆ ಚಿಲ್ಲರೆ ಸಿಗುವುದಿಲ್ಲ.

ಹಂತ 3: ಯಾರ ಬಾಗಿಲಿಗೆ ಮೊದಲು ಹೋಗಬೇಕು

ನಾನು ಮೊದಲ ಸಲ ಮಾಡಿದ ತಪ್ಪು ಇಲ್ಲೇ. ಪರಿಚಯದ ಒಬ್ಬ ಶಿಕ್ಷಕರ ಮನೆಗೆ ನೇರ ಹೋಗಿ ಎರಡು ರಾತ್ರಿ ಮಲಗಿದೆ. ಯಾರೂ ಏನೂ ಅನ್ನಲಿಲ್ಲ. ಮೂರನೇ ದಿನ ಪಕ್ಕದ ಮನೆಯ ಅಜ್ಜಿ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು: "ದೊಡ್ಡ ಮನೆಗೆ ಇನ್ನೂ ಹೋಗಿಲ್ವಾ, ಮಗಳೇ?" ಅವತ್ತು ಆದ ನಾಚಿಕೆ ನನಗೆ ಇನ್ನೂ ನೆನಪಿದೆ.

ಮಂಗರಾಯ್ ಹಳ್ಳಿಯಲ್ಲಿ ಎರಡು ಆಡಳಿತ ಇವೆ. ಒಂದು ಸರ್ಕಾರದ್ದು. ಪ್ರಾಂತ್ಯ, ಜಿಲ್ಲೆ, ಹೋಬಳಿಯಂಥ 'ಕೆಚಾಮಾತಾನ್', ಅದರ ಕೆಳಗೆ 'ದೆಸಾ', ಅಂದರೆ ಹಳ್ಳಿ. ದೆಸಾದ ಮುಖ್ಯಸ್ಥ 'ಕೆಪಾಲಾ ದೆಸಾ', ಚುನಾವಣೆಯಲ್ಲಿ ಗೆದ್ದವರು. ನಮ್ಮ 'ದೇಶ', 'ಕಪಾಲ' ಎರಡೂ ಅಲ್ಲಿಗೆ ಹೋಗಿ ಹೊಸ ಅರ್ಥ ಪಡೆದಿವೆ ನೋಡಿ. ಇನ್ನೊಂದು ಆಡಳಿತ ವಂಶದ್ದು, ಸಂಪ್ರದಾಯದ್ದು. ಅದನ್ನು 'ಆದಾತ್' ಅನ್ನುತ್ತಾರೆ. ಅದರ ಮುಖ್ಯಸ್ಥ 'ತುಆ ಗೊಲೊ', ಜಮೀನು ಹಂಚುವ ಹಿರಿಯ 'ತುಆ ತೆನೊ'. ಇವರ ಕೇಂದ್ರ 'ಎಂಬಾರು ಗೆಂಡಾಂಗ್', ಡೋಲು ಇಟ್ಟಿರುವ ಮೂಲಮನೆ. ಅಜ್ಜಿ ಹೇಳಿದ ದೊಡ್ಡ ಮನೆ ಅದೇ. ನಮ್ಮ ಕಡೆ ಮೂಲ ನಾಗರ, ತರವಾಡು ಮನೆ ಅಂತೆಲ್ಲ ಇರುತ್ತದಲ್ಲ, ಆ ಭಾವನೆ ಇಟ್ಟುಕೊಂಡು ಒಳಗೆ ಹೋಗಿ.

ಹಾಗಾಗಿ ಕ್ರಮ ಹೀಗಿರಲಿ. ನಿಮ್ಮನ್ನು ಕರೆದವರ ಜೊತೆ ಮೊದಲು ಮೂಲಮನೆಗೆ. ಕಾಫಿಪುಡಿ, ಸಕ್ಕರೆ, ಎಲೆ ಅಡಿಕೆ ಒಯ್ಯಿರಿ. ಎಲೆ ಅಡಿಕೆ ಅಂದರೆ ನಗಬೇಡಿ. ಫ್ಲೋರೆಸ್‌ನಲ್ಲಿ ಅತಿಥಿಗೆ ಕೊಡುವ ಮೊದಲ ಮರ್ಯಾದೆ ನಮ್ಮ ಹಾಗೇ ಅಡಿಕೆ, ವೀಳ್ಯ, ಸುಣ್ಣ. ಎಷ್ಟೋ ಕಡೆ ಎಲೆಯ ಬದಲು ವೀಳ್ಯದ ಬಳ್ಳಿಯ ಉದ್ದನೆ ಕಾಯಿಯನ್ನು ಜಗಿಯುತ್ತಾರೆ, ಅಷ್ಟೇ ವ್ಯತ್ಯಾಸ. ಹಿರಿಯರು ಒಂದು ಬಾಟಲಿ ತಾಳೆ ಹೆಂಡ ಮುಂದಿಟ್ಟು ಸ್ವಾಗತದ ಮಾತು ಹೇಳುತ್ತಾರೆ. ಕೆಲವೊಮ್ಮೆ ಜೊತೆಗೆ ಕೋಳಿಯೂ ಇರುತ್ತದೆ. ಕುಡಿಯದವರು ಕುಡಿಯಬೇಕಾಗಿಲ್ಲ. ಎರಡೂ ಕೈಯಲ್ಲಿ ಮುಟ್ಟಿ ಸ್ವೀಕರಿಸಿ. ಅದು ಮುಗಿಯುವವರೆಗೆ ಕ್ಯಾಮೆರಾ ಹೊರಗೆ ತೆಗೆಯಬೇಡಿ.

ಇದನ್ನು ಮೊದಲೇ ಒಂದು ಸಲ ನೋಡಬೇಕು ಅಂದರೆ ವಾಯೆ ರೆಬೊಗೆ ಹೋಗಿ ಬನ್ನಿ. ಸಾವಿರ ಮೀಟರಿಗೂ ಮೇಲೆ, ಎರಡು ಮೂರು ಗಂಟೆ ಕಾಡು ಹತ್ತಿ ತಲುಪುವ ಹಳ್ಳಿ. ಹುಲ್ಲು ಹೊದಿಸಿದ ಏಳು ಶಂಕುವಿನಾಕಾರದ ಮನೆಗಳು, ಪ್ರತಿಯೊಂದರೊಳಗೆ ಐದು ಅಂತಸ್ತು. ಊರಿನವರೇ ಅವನ್ನು ಮತ್ತೆ ಕಟ್ಟಿ ಉಳಿಸಿಕೊಂಡದ್ದಕ್ಕೆ 2012ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು. ಅಲ್ಲಿ ಬರುವ ಪ್ರತಿ ಪ್ರವಾಸಿಯನ್ನೂ ಮೊದಲು ಮೂಲಮನೆಗೆ ಕರೆದೊಯ್ದು, ಹಿರಿಯರಿಗೆ ವಿಷಯ ತಿಳಿಸಿ, ಆಮೇಲೇ ಊರೊಳಗೆ ಬಿಡುತ್ತಾರೆ.

ಮೂಲಮನೆ ಆದ ಮೇಲೆ, ಅದೇ ದಿನ, ಕೆಪಾಲಾ ದೆಸಾ ಕಚೇರಿಗೆ. ಊರ ಬಾಗಿಲಲ್ಲಿ ಒಂದು ಫಲಕ ಕಾಣಬಹುದು: ಹೊರಗಿನವರು 24 ಗಂಟೆಯೊಳಗೆ ವರದಿ ಮಾಡಿಕೊಳ್ಳಬೇಕು ಅಂತ. ಪಾಸ್‌ಪೋರ್ಟ್ ಮತ್ತು ವೀಸಾದ ನಕಲು ಎರಡು ಮೂರು ಇಟ್ಟುಕೊಂಡಿರಿ, ಒಂದನ್ನು ಅಲ್ಲಿ ಕೊಡಿ.

ಹಂತ 4: ಮನೆ

ಮೊದಲ ತಿಂಗಳು ಒಂದು ಕುಟುಂಬದ ಜೊತೆಗೇ ಇರಿ. ಭಾಷೆ ಬರುವುದು ಅಡಿಗೆಮನೆಯಲ್ಲೇ. ಆಮೇಲೆ ಬೇಕಾದರೆ ಖಾಲಿ ಮನೆ ಕೇಳಿ. ಮಕ್ಕಳು ಕಾಲಿಮಾಂತಾನ್, ಮಲೇಷ್ಯಾ ಕಡೆ ಕೆಲಸಕ್ಕೆ ಹೋಗಿ ಬೀಗ ಬಿದ್ದ ಮನೆಗಳು ಸಿಗಬಹುದು. ಅಲ್ಲಿ ಮನೆ ಬಾಡಿಗೆ ಸಾಮಾನ್ಯವಾಗಿ ವರ್ಷದ ಲೆಕ್ಕ, ಒಟ್ಟಿಗೇ ಮುಂಗಡ. ಕೆಲವು ತಿಂಗಳಿಗೆ ಮಾತ್ರ ಬೇಕು ಅಂತ ಮೊದಲೇ ಮಾತಾಡಿ. ಒಂದು ಪುಟದ ಚೀಟಿ ಬರೆಸಿ: ಎಷ್ಟು ದಿನ, ಎಷ್ಟು ಹಣ, ರಿಪೇರಿ ಯಾರದು, ಅಂಗಳದ ಕಾಫಿ ಗಿಡದ ಫಸಲು ಯಾರದು. ಕೊನೆಯದನ್ನು ಮರೆತರೆ ಜಗಳ ಅಲ್ಲೇ ಹುಟ್ಟುತ್ತದೆ. ಚೀಟಿಗೆ ಇಬ್ಬರು 'ಸಾಕ್ಸಿ'ಗಳ ಸಹಿ ಇರಲಿ. ಹೌದು, ನಮ್ಮ ಸಾಕ್ಷಿಯೇ.

ಮನೆ ನೋಡುವಾಗ ಗೋಡೆ ಬಣ್ಣ ನೋಡಬೇಡಿ, ನೀರು ನೋಡಿ. ಊಟೆಯಿಂದ ಪೈಪಿನಲ್ಲಿ ಬರುತ್ತದಾ, ಆಗಸ್ಟ್ ಸೆಪ್ಟೆಂಬರ್‌ನಲ್ಲೂ ಬರುತ್ತದಾ ಅಂತ ಕೇಳಿ. ಕುಡಿಯುವ ನೀರು ಯಾವಾಗಲೂ ಕುದಿಸಿದ್ದೇ ಇರಲಿ. ಕರೆಂಟಿಗೆ ಹೆಚ್ಚಿನ ಕಡೆ ಪ್ರೀಪೇಯ್ಡ್ ಮೀಟರ್. ಹಣ ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ಯೂನಿಟ್ ಮುಗಿಯುವ ಹೊತ್ತಿಗೆ ಮೀಟರ್ ಕೂಗಲು ಶುರು ಮಾಡುತ್ತದೆ. ಬೀದಿಗೆಲ್ಲ ಕೇಳುತ್ತದೆ.

ಹಂತ 5: ಜಮೀನಿನ ವಿಷಯ

ಇಲ್ಲಿ ನಿಧಾನವಾಗಿ ಓದಿ.

ಇಂಡೋನೇಷ್ಯಾದ ಭೂ ಕಾನೂನಿಗೆ ಬುಡ 1960ರ ಮೂಲ ಕೃಷಿ ಭೂಮಿ ಕಾಯಿದೆ. ಪೂರ್ತಿ ಮಾಲೀಕತ್ವವನ್ನು ಅದು 'ಹಾಕ್ ಮಿಲಿಕ್' ಅನ್ನುತ್ತದೆ. ನಮ್ಮ 'ಹಕ್ಕು', 'ಮಾಲೀಕ' ಬಂದ ಅರಬ್ಬಿ ಬೇರಿನಿಂದಲೇ ಈ ಎರಡು ಪದವೂ ಬಂದಿವೆ. ಕಿವಿಗೆ ಹತ್ತಿರ ಅನ್ನಿಸಿದರೂ ಈ ಹಕ್ಕು ನಮಗೆ ಸಿಗುವುದಿಲ್ಲ. ಕಾಯಿದೆಯ 21ನೇ ವಿಧಿಯ ಪ್ರಕಾರ ಜನರ ಪೈಕಿ ಇಂಡೋನೇಷ್ಯಾದ ಪ್ರಜೆಗೆ ಮಾತ್ರ ಹಾಕ್ ಮಿಲಿಕ್. ಪಿತ್ರಾರ್ಜಿತವಾಗಿ ವಿದೇಶಿಯರಿಗೆ ಬಂದರೂ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಹತ್ತಿರ ಬಂದು, "ಸ್ಥಳೀಯರ ಹೆಸರಿಗೆ ಮಾಡಿಸೋಣ, ಹಣ ನಿಮ್ಮದು, ಒಳಗೊಂದು ಒಪ್ಪಂದ ಬರೆದುಕೊಳ್ಳೋಣ" ಅನ್ನುತ್ತಾರೆ. ಬೇಡ. 26ನೇ ವಿಧಿ ಇದಕ್ಕೇ ಇದೆ. ನೇರವಾಗಿ ಆಗಲಿ, ಸುತ್ತುಬಳಸಿ ಆಗಲಿ, ವಿದೇಶಿಗೆ ಹಾಕ್ ಮಿಲಿಕ್ ದಾಟಿಸುವ ವ್ಯವಹಾರ ಅಸಿಂಧು. ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣವನ್ನೂ ವಾಪಸ್ ಕೇಳುವ ಹಾಗಿಲ್ಲ.

ಕಾನೂನು ಬಿಡುವ ದಾರಿಗಳು ಇವೆ. 'ಹಾಕ್ ಪಾಕಾಯ್' ಅಂದರೆ ಬಳಸುವ ಹಕ್ಕು. ಇಂಡೋನೇಷ್ಯಾದಲ್ಲಿ ಇರಲು ಪರವಾನಗಿ ಪಡೆದ ವಿದೇಶಿಗೆ ಮನೆಗಾಗಿ ಸಿಗುತ್ತದೆ. 2021ರ ನಿಯಮದ ಪ್ರಕಾರ ಸರ್ಕಾರಿ ಜಮೀನಿನ ಮೇಲಾದರೆ ಮೊದಲು 30 ವರ್ಷ, ಮುಂದೆ 20, ಮತ್ತೆ 30. ಇನ್ನೊಂದು, ವಿದೇಶಿ ಹೂಡಿಕೆಯ ಕಂಪನಿ ತೆರೆದು ಅದರ ಹೆಸರಿಗೆ ಕಟ್ಟಡದ ಹಕ್ಕು ಪಡೆಯುವುದು. ಅದಕ್ಕೆ 1000 ಕೋಟಿ ರುಪಿಯಾಗಿಂತ ಹೆಚ್ಚಿನ ಹೂಡಿಕೆ ಯೋಜನೆ ತೋರಿಸಬೇಕು. ಹಳ್ಳಿಯಲ್ಲಿ ನೆಮ್ಮದಿಯಾಗಿರೋಣ ಅನ್ನುವವರಿಗೆ ಅದು ಸುಮ್ನೆ ತಲೆನೋವು. ಉಳಿಯುವುದು 'ಸೇವಾ', ಅಂದರೆ ಬಾಡಿಗೆ ಇಲ್ಲವೇ ಗುತ್ತಿಗೆ. ನನ್ನ ಪ್ರಕಾರ ನಮ್ಮಂಥವರಿಗೆ ಸರಿಯಾದದ್ದು ಇದೊಂದೇ. ದೀರ್ಘ ಗುತ್ತಿಗೆಯಾದರೆ ನೋಟರಿಯ ಮುಂದೆ ಮಾಡಿ. ಅಲ್ಲಿ 'ನೊತಾರಿಸ್' ಅಂದರೆ ನಮ್ಮ ಕೋರ್ಟ್ ಎದುರು ಸೀಲು ಹೊಡೆಯುವವರ ಹಾಗಲ್ಲ, ಕಾನೂನು ಓದಿ, ಪತ್ರ ಬರೆದು, ಅದಕ್ಕೆ ಹೊಣೆ ಹೊರುವ ಅಧಿಕಾರಿ.

ಆದರೆ ಗುತ್ತಿಗೆ ಮಾಡುವವರೂ ಜಮೀನು ಯಾರದು ಅಂತ ತಿಳಿಯಬೇಕಲ್ವಾ? ನನಗೆ ಒಬ್ಬ ದಲ್ಲಾಳಿ ಒಂದು ಚೆಂದದ ಗುಡ್ಡದ ತುದಿ ತೋರಿಸಿ, ತೆರಿಗೆ ರಸೀದಿಯ ಜೆರಾಕ್ಸ್ ಕೈಗಿಟ್ಟಿದ್ದ. ನಮ್ಮಲ್ಲಿ ಖಾತಾ ಇದೆ ಅಂದ ಮಾತ್ರಕ್ಕೆ ಮಾಲೀಕತ್ವ ಬಂತು ಅಂತ ಅಲ್ಲ ಅಲ್ವಾ, ಅಲ್ಲೂ ಹಾಗೇ. ಭೂತೆರಿಗೆ ರಸೀದಿ ಮಾಲೀಕತ್ವದ ಪತ್ರ ಅಲ್ಲ. ಭೂ ಇಲಾಖೆ ಕೊಟ್ಟ 'ಸೆರ್ತಿಫಿಕಾತ್' ಬೇಕು. ಜಿಲ್ಲಾ ಭೂ ಕಚೇರಿಯಲ್ಲಿ ಅದನ್ನು ತಾಳೆ ನೋಡಿಸಬೇಕು.

ಇನ್ನೂ ಆಳದ ವಿಷಯ ಇದೆ. ಒಳನಾಡಿನ ಬಹಳಷ್ಟು ಜಮೀನಿಗೆ ಪತ್ರವೇ ಇಲ್ಲ, ಯಾಕಂದ್ರೆ ಅದು ವಂಶದ್ದು. ರುತೆಂಗ್‌ನಿಂದ ಪಶ್ಚಿಮಕ್ಕೆ ಚಾನ್ಚಾರ್ ಹತ್ತಿರದ ಗುಡ್ಡ ಹತ್ತಿದರೆ ಅದನ್ನು ಕಣ್ಣಿನಲ್ಲೇ ನೋಡಬಹುದು. ಕೆಳಗೆ ಗದ್ದೆಗಳು ಜೇಡನ ಬಲೆಯ ಹಾಗೆ ಕಾಣುತ್ತವೆ. ಅದು 'ಲಿಂಗ್ಕೊ'. ನಡುವಿನ ಬಿಂದು 'ಲೊಡೊಕ್'. ತುಆ ತೆನೊ ಅಲ್ಲಿ ನಿಂತು, ಬೆರಳಿನ ಅಳತೆಯಲ್ಲಿ, ಒಂದೊಂದು ಮನೆಗೆ ಒಂದೊಂದು ಹೋಳು ಹಂಚುತ್ತಿದ್ದರು. ನಡುವಲ್ಲಿ ಒಂದು ಬೆರಳು ಅಗಲ ಇದ್ದದ್ದು ಅಂಚಿಗೆ ಹೋಗುವಷ್ಟರಲ್ಲಿ ಗದ್ದೆ ಆಗಿರುತ್ತದೆ. ಮಂಗರಾಯ್ ಜನ ಹೇಳುವ ಮಾತು 'ಗೆಂಡಾಂಗ್ ಒನೆ, ಲಿಂಗ್ಕೊ ಪೆಆಂಗ್'. ಒಳಗೆ ಡೋಲಿನ ಮನೆ, ಹೊರಗೆ ಹೊಲ. ಎರಡೂ ಸೇರಿದರೇ ಊರು. ಇಂಥ ಹೋಳಿನ ಮೇಲೆ ಒಬ್ಬನೇ ಬಂದು ಸಹಿ ಹಾಕಿದರೆ ಸಾಲದು. ಅಣ್ಣತಮ್ಮಂದಿರು, ವಂಶದ ಹಿರಿಯರು, ತುಆ ತೆನೊ, ಅಕ್ಕಪಕ್ಕದ ಗಡಿಯವರು ಎಲ್ಲ ಕೂತು ಒಪ್ಪಬೇಕು. ಆ ಸಭೆ ಆಗದ ಜಾಗಕ್ಕೆ ಹಣ ಕೊಡಬೇಡಿ.

ಕಾಡಿನ ಗಡಿಯನ್ನೂ ಕೇಳಿ. ನಮ್ಮ ಮಲೆನಾಡಿನಲ್ಲಿ ತೋಟ ಎಲ್ಲಿ ಮುಗಿಯಿತು, ಅರಣ್ಯ ಎಲ್ಲಿ ಶುರು ಆಯಿತು ಅನ್ನುವ ಜಗಳ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಪೂರ್ವ ಮಂಗರಾಯ್‌ನ ಚೊಲೊಲ್ ಕಾಫಿಗೆ ಹೆಸರಾದ ಕಣಿವೆ. ಅಲ್ಲಿನ ರೈತರ ಗಿಡಗಳು ಸರ್ಕಾರಿ ಕಾಡಿನೊಳಗಿವೆ ಅಂತ ಆಡಳಿತ ಅವನ್ನು ಕಡಿಸಿತು. 2004ರ ಮಾರ್ಚ್ 10ರಂದು ಬಂಧಿತರನ್ನು ಬಿಡಿಸಲು ರುತೆಂಗ್ ಪೊಲೀಸ್ ಠಾಣೆಗೆ ಬಂದ ರೈತರ ಮೇಲೆ ಗುಂಡು ಹಾರಿತು. ಆರು ಜನ ಸತ್ತರು. ಆ ದಿನವನ್ನು ಈಗಲೂ 'ರಕ್ತದ ಬುಧವಾರ' ಅನ್ನುತ್ತಾರೆ. ಸಂಪ್ರದಾಯದ ಕಾಡು ಸರ್ಕಾರದ ಕಾಡಲ್ಲ ಅಂತ ದೇಶದ ಸಂವಿಧಾನ ನ್ಯಾಯಾಲಯ ಹೇಳಿದ್ದು 2013ರಲ್ಲಿ. ಇದನ್ನು ಇಷ್ಟು ಹೇಳಲು ಕಾರಣ ಇದೆ. ಗುಡ್ಡದ ತುದಿ ಖಾಲಿ ಕಾಣುತ್ತದೆ, ಆದರೆ ಅದರ ಹಿಂದೆ ಯಾರ ಮನೆಯ ಸಾವಿದೆ ಅಂತ ಹೊರಗಿನವರಿಗೆ ಕಾಣುವುದಿಲ್ಲ.

ಹಂತ 6: ದಿನ ಕಳೆಯುವುದು

ದಾರಿಯಲ್ಲಿ ಸಿಕ್ಕವರೆಲ್ಲ "ಮಾವು ಕೆಮಾನಾ?" ಅಂತ ಕೇಳುತ್ತಾರೆ. "ಎಲ್ಲಿಗೆ ಹೊರಟ್ರಿ?" ಅಷ್ಟೇ. ಮನೆ ಮುಂದೆ ಹಾದರೆ "ಸುದಾ ಮಾಕಾನ್?", "ಊಟ ಆಯ್ತಾ?" ಕನ್ನಡದವರಿಗೆ ಇದಕ್ಕೆ ಉತ್ತರ ಹೇಳಿಕೊಡಬೇಕಾಗಿಲ್ಲ. ಗಂಡಸರಿಗೆ 'ಪಾಕ್', ಹೆಂಗಸರಿಗೆ 'ಇಬು' ಸೇರಿಸಿ ಮಾತಾಡಿ. ಜನರ ನಡುವೆ ಹಾದುಹೋಗುವಾಗ ಸ್ವಲ್ಪ ಬಗ್ಗಿ, ಬಲಗೈ ಮುಂದೆ ಚಾಚಿ, 'ಪೆರ್ಮಿಸಿ' ಅನ್ನಿ.

ಊಟ ಅನ್ನ, ಮೆಕ್ಕೆಜೋಳ, ಮರಗೆಣಸು, ಅದರ ಸೊಪ್ಪು, ಸಾಂಬಾಲ್. ಸಸ್ಯಾಹಾರಿಗಳು "ನನಗೆ ಮಾಂಸ, ಮೀನು ಬೇಡ" ಅಂತ ಮೊದಲ ದಿನವೇ ಹೇಳಿ, ಕೋಳಿ ಕೊಯ್ಯುವ ಮೊದಲು. ಆಮೇಲೆ ಹೇಳಿದರೆ ಅವರಿಗೆ ನೋವಾಗುತ್ತದೆ. ಫ್ಲೋರೆಸ್‌ನಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಭಾನುವಾರ ಬೆಳಗ್ಗೆ ಊರೇ ಚರ್ಚಿನಲ್ಲಿರುತ್ತದೆ, ಆ ದಿನ ಯಾರಿಗೂ ಕೆಲಸ ಹೇಳಬೇಡಿ. ಸಾವು, ಮದುವೆ, ಹೊಸ ಮನೆ ಅಂದರೆ ಎಲ್ಲರೂ ಏನಾದರೂ ಒಯ್ಯುತ್ತಾರೆ. ನೀವೂ ಅಕ್ಕಿ ಇಲ್ಲವೇ ಸಕ್ಕರೆ ಒಯ್ಯಿರಿ. ನನಗೆ ಆ ಊರಿನಲ್ಲಿ ಜಾಗ ಸಿಕ್ಕಿದ್ದು ಒಂದು ಸಾವಿನ ಮನೆಯಲ್ಲಿ ಮೂರು ದಿನ ಪಾತ್ರೆ ತೊಳೆದ ಮೇಲೆ.

ಹಂತ 7: ಆರೋಗ್ಯ ಮತ್ತು ಅಪಾಯ

1997ರಿಂದ ಫ್ಲೋರೆಸ್‌ನಲ್ಲಿ ರೇಬೀಸ್ ಇದೆ. ಪ್ರತಿ ಮನೆಗೂ ನಾಯಿ ಇರುತ್ತದೆ. ಹೊರಡುವ ಮೊದಲೇ ಮುನ್ನೆಚ್ಚರಿಕೆಯ ಲಸಿಕೆ ಹಾಕಿಸಿಕೊಳ್ಳಿ. ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು, ಲಸಿಕೆ ಹಿಂದೆ ಆಗಿದ್ದರೂ ತಕ್ಷಣ ಆಸ್ಪತ್ರೆಗೆ ಹೊರಡಿ. ಮಲೇರಿಯಾ, ಡೆಂಗಿ ಎರಡೂ ಇವೆ, ಸೊಳ್ಳೆ ಪರದೆ ಒಯ್ಯಿರಿ. ಮಲೇರಿಯಾ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಪ್ರತಿ ಕೆಚಾಮಾತಾನ್‌ಗೂ 'ಪುಸ್ಕೆಸ್ಮಾಸ್' ಅನ್ನುವ ಆರೋಗ್ಯ ಕೇಂದ್ರ ಇದೆ. ದೊಡ್ಡ ತೊಂದರೆಗೆ ರುತೆಂಗ್, ಇನ್ನೂ ದೊಡ್ಡದಕ್ಕೆ ಬಾಲಿ. ವಿಮಾನದಲ್ಲಿ ಸಾಗಿಸುವ ಖರ್ಚು ಕೊಡುವ ವಿಮೆ ಇಲ್ಲದೆ ಹೋಗಬೇಡಿ.

ಭೂಮಿ ನಡುಗುವ ದ್ವೀಪ ಅದು. 1992ರ ಡಿಸೆಂಬರ್ 12ರ ಭೂಕಂಪ ಮತ್ತು ಸುನಾಮಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಹೋದರು. 2024ರ ನವೆಂಬರ್‌ನಲ್ಲಿ ಪೂರ್ವದ ಲೆವೊತೊಬಿ ಜ್ವಾಲಾಮುಖಿ ಸಿಡಿದಾಗ ಸಾವುನೋವಾಯಿತು, ಬೂದಿಯಿಂದ ಬಾಲಿಯ ವಿಮಾನಗಳೂ ನಿಂತವು. ವಾಪಸ್ ಟಿಕೆಟಿಗೂ ವೀಸಾದ ಕೊನೆ ದಿನಕ್ಕೂ ನಡುವೆ ಒಂದು ವಾರ ಬಿಟ್ಟುಕೊಳ್ಳಿ.

ಹಂತ 8: ಹೊರಡುವುದು

ಹೊರಡುವ ದಿನವನ್ನು ಒಂದು ವಾರ ಮೊದಲೇ ಮೂಲಮನೆಯಲ್ಲಿ ಹೇಳಿ. ಬಂದಾಗ ಯಾವ ಬಾಗಿಲಿಗೆ ಹೋಗಿದ್ದಿರೋ ಹೋಗುವಾಗಲೂ ಅದೇ ಬಾಗಿಲು. ಅಂಗಡಿಯ ಬಾಕಿ ತೀರಿಸಿ, ಮೀಟರಿಗೆ ಒಂದು ಟೋಕನ್ ತುಂಬಿಸಿ, ಬೀಗದ ಕೈಯನ್ನು ಅದೇ ಇಬ್ಬರು ಸಾಕ್ಸಿಗಳ ಎದುರು ಕೊಡಿ. ತೆಗೆದ ಫೋಟೊಗಳನ್ನು ರುತೆಂಗ್‌ನಲ್ಲಿ ಪ್ರಿಂಟ್ ಹಾಕಿಸಿ, ವಾಪಸ್ ಹೋಗುವ ಓತೊ ಕೋಲ್ ಚಾಲಕನ ಕೈಯಲ್ಲಿ ಕಳಿಸಿ. ಮುದುಕರ ಫೋಟೊಗಳನ್ನು ಸ್ವಲ್ಪ ದೊಡ್ಡದಾಗಿ ಹಾಕಿಸಿ. ಎಷ್ಟೋ ಮನೆಗಳಲ್ಲಿ ಅವರದು ಬೇರೆ ಒಂದು ಒಳ್ಳೆ ಚಿತ್ರ ಇರುವುದಿಲ್ಲ.